ಜಮಖಾನೆಯಲ್ಲಿ ಊರಿನ ಹೆಸರಿದೆ, ನೇಯ್ದವಳ ಹೆಸರೆಲ್ಲಿ?

ಗೆಳೆಯರೇ, ನವಲಗುಂದದ ಜಮಖಾನೆಯನ್ನು ಒಮ್ಮೆಯಾದರೂ ಮುಟ್ಟಿ ನೋಡಿದ್ದೀರಾ? ನಡುವೆ ಪಗಡೆ ಹಾಸು, ಅಂಚಿಗೆ ನವಿಲು, ಕಣ್ಣು ತುಂಬುವ ಬಣ್ಣ. ನಿಂತ ಮಗ್ಗದ ಮುಂದೆ ಕೂತು ಎಳೆ ಎಳೆಯಾಗಿ ಅದನ್ನು ನೇಯುವವರು ಆ ಊರಿನ ಮುಸ್ಲಿಂ ಹೆಣ್ಣುಮಕ್ಕಳು. ಆದಿಲಶಾಹಿ ಕಾಲದಲ್ಲಿ ಬಿಜಾಪುರದಿಂದ ಬಂದ ಕಸುಬು ಇದು ಎಂಬುದು ಊರಿನವರ ಮಾತು. ಈ ಕಸುಬು ಬಲ್ಲ ಕೈಗಳು ಇಂದು ಬಹಳ ಕಡಿಮೆ.

ಜಮಖಾನೆಗೆ ಭೌಗೋಳಿಕ ಸೂಚಕ, ಅಂದರೆ ಜಿಐ ನೋಂದಣಿ ಸಿಕ್ಕಿದೆ. ಸಂತೋಷ. 1999ರ ಆ ಕಾಯ್ದೆಯ ಪ್ರಕಾರ ಸುಳ್ಳು ಹೆಸರಲ್ಲಿ ಮಾರಿದವನಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು. ಆದರೆ ಜಿಐ ಕಾಯುವುದು ಊರಿನ ಹೆಸರನ್ನು. ನೇಯ್ದವಳ ಹೆಸರನ್ನಲ್ಲ!

ಈಗ ಹೊಸದೊಂದು ಮದ್ದು ಬಂದಿದೆ: ಬ್ಲಾಕ್‌ಚೈನ್ ಪ್ರಮಾಣಪತ್ರ. ಚಿತ್ರವಿರಲಿ, ಶಿಲ್ಪವಿರಲಿ, ನೇಯ್ಗೆಯಿರಲಿ, ಅದರ ವಿವರವನ್ನು ನೂರಾರು ಕಂಪ್ಯೂಟರುಗಳಲ್ಲಿ ಒಂದೇ ರೀತಿ ದಾಖಲಿಸುವ ಲೆಕ್ಕದ ಪುಸ್ತಕ ಅದು. ಒಮ್ಮೆ ಬರೆದದ್ದನ್ನು ಒಬ್ಬನೇ ಕದ್ದು ತಿದ್ದಲಾರ. ಯಾರು ಮಾರಿದರು, ಯಾರು ಕೊಂಡರು, ಎಲ್ಲವೂ ಸಾಲಾಗಿ ಉಳಿಯುತ್ತದೆ.

ಒಳ್ಳೆಯದೇ. ಆದರೆ ಮೊದಲ ಸಾಲು ಬರೆಯುವವರು ಯಾರು? ಯಂತ್ರದಲ್ಲಿ ನೇಯ್ದ ಹಾಸನ್ನು ಯಾರೋ ದಲ್ಲಾಳಿ 'ನವಲಗುಂದದ ಕೈಮಗ್ಗ' ಎಂದು ಬರೆಸಿದರೆ ಬ್ಲಾಕ್‌ಚೈನ್ ಆ ಸುಳ್ಳನ್ನೂ ಅಷ್ಟೇ ನಿಷ್ಠೆಯಿಂದ ಕಾಯುತ್ತದೆ. ಅಸಲಿಗೆ ಅಂಟಿಸಿದ ಕ್ಯೂಆರ್ ಚೀಟಿಯ ಪ್ರತಿ ತೆಗೆದು ನಕಲಿಗೆ ಹಚ್ಚುವುದೂ ಸುಲಭ. ಪುಸ್ತಕ ಗಟ್ಟಿಯಿದ್ದರೆ ಸಾಲದು, ಪುಸ್ತಕಕ್ಕೂ ವಸ್ತುವಿಗೂ ಹಾಕಿದ ಗಂಟೂ ಗಟ್ಟಿಯಿರಬೇಕು.

ಇದು ಆಗದ ಕೆಲಸವೇನಲ್ಲ. ನಮ್ಮ ಮೈಸೂರು ರೇಷ್ಮೆ ಸೀರೆಯಲ್ಲಿ ಸರ್ಕಾರಿ ಸಂಸ್ಥೆ ಕೆಎಸ್‌ಐಸಿ ಸಂಖ್ಯೆಯನ್ನೇ ಕಸೂತಿ ಮಾಡಿಸುತ್ತದೆ. ಕಾಶ್ಮೀರದ ಕೈಗಂಟಿನ ರತ್ನಗಂಬಳಿಗೆ 2022ರಲ್ಲಿ ಕ್ಯೂಆರ್ ಗುರುತು ಬಂತು. ಅದರಲ್ಲಿ ನೇಕಾರರ ವಿವರಕ್ಕೂ ಜಾಗವಿದೆ. ಕಾಶ್ಮೀರಕ್ಕೆ ಸಾಧ್ಯವಾದದ್ದು ಧಾರವಾಡ ಜಿಲ್ಲೆಗೆ ಏಕೆ ಆಗದು?

ನಮ್ಮ ಬೇಡಿಕೆ ಮೂರೇ. ಒಂದು, ದಾಖಲೆ ಆಗಬೇಕಾದ್ದು ಬೆಂಗಳೂರಿನ ಶೋರೂಮಿನಲ್ಲಲ್ಲ, ನವಲಗುಂದದ ಮಗ್ಗದ ಮುಂದೆ. ಜಮಖಾನೆ ಮಗ್ಗದಿಂದ ಇಳಿಯುವ ಮೊದಲೇ ಗುರುತು ನೇಯ್ಗೆಯೊಳಗೆ ಸೇರಿರಬೇಕು. ಎರಡು, ಆಕೆ ಒಪ್ಪಿದರೆ ನೇಯ್ದವಳ ಹೆಸರು, ಹಿಡಿದ ದಿನಗಳು, ಕೈಗೆ ಬಂದ ಕೂಲಿ ಅದರಲ್ಲಿರಬೇಕು. ಮೂರು, ಪ್ರಮಾಣಪತ್ರ ಕನ್ನಡದಲ್ಲಿರಬೇಕು. ಆಕೆ ಮನೆಯಲ್ಲಿ ಯಾವ ಮಾತನ್ನೇ ಆಡಲಿ, ಊರಿನ ವ್ಯವಹಾರ ನಡೆಯುವುದು ಕನ್ನಡದಲ್ಲಿ. ತನ್ನ ಕೆಲಸದ ಬಗ್ಗೆ ಬರೆದದ್ದನ್ನು ಮಗಳಿಂದಲಾದರೂ ಓದಿಸಿ, ತಪ್ಪಿದ್ದರೆ ತಪ್ಪು ಎನ್ನುವ ಹಕ್ಕು ಆಕೆಗಿಲ್ಲವೇ? ಯೂನಿಕೋಡ್ ಇರುವಾಗ 'ಕನ್ನಡ ಬರುವುದಿಲ್ಲ' ಎಂಬ ಕಂಪ್ಯೂಟರಿನ ನೆಪ ಇನ್ನು ನಡೆಯದು.

ನಗರದ ಗೆಳೆಯರೇ, ನಾಳೆ ಅಂಗಡಿಯಲ್ಲಿ ಜಮಖಾನೆ ಕೊಳ್ಳುವಾಗ ಬೆಲೆ ಕೇಳುವ ಮೊದಲು ಒಂದು ಮಾತು ಕೇಳಿ: "ಇದನ್ನು ನೇಯ್ದವರು ಯಾರು?" ಉತ್ತರ ಬಾರದಿದ್ದರೆ ಮತ್ತೆ ಕೇಳಿ. ಹತ್ತು ಜನ ಕೇಳಿದರೆ ಅಂಗಡಿಯವನು ತಡವರಿಸುತ್ತಾನೆ. ಸಾವಿರ ಜನ ಕೇಳಿದರೆ ಆ ಹೆಸರು ಬರೆಯಲೇಬೇಕಾಗುತ್ತದೆ!