ಎಳೆಯಲಾಗದವರಿಗೂ ಸರಿಯುವ ಸ್ಲೈಡರ್

ಗೃಹಸಾಲದ ಕಂತು ಲೆಕ್ಕ ಹಾಕುವ ಜಾಲತಾಣಗಳಲ್ಲಿ ಮೊತ್ತವನ್ನು ಹಿಂದೆ ಮುಂದೆ ಸರಿಸುವ ಸ್ಲೈಡರ್ ಈಗ ಸಾಮಾನ್ಯ. ಅಂಥದೊಂದನ್ನು ಬರೆದು ಎನ್‌ಪಿಎಂನಂಥ ಕೋಡ್ ಭಂಡಾರದಲ್ಲಿ ಪ್ರಕಟಿಸಿದರೆ ಯಾರು ಬೇಕಾದರೂ ತಮ್ಮ ಪುಟಕ್ಕೆ ಜೋಡಿಸಿಕೊಳ್ಳಬಹುದು. ಅದರೊಳಗಿನ ಕೊರತೆಯೂ ಜೊತೆಗೇ ಹೋಗುತ್ತದೆ. ಎಳೆದರಷ್ಟೇ ಸರಿಯುವ ಗುಂಡಿ ಕೈ ನಡುಗುವವರಿಗೆ, ಕಣ್ಣು ಕಾಣದವರಿಗೆ ಮುಚ್ಚಿದ ಬಾಗಿಲು. ಎಳೆದು ಮಾಡುವ ಕೆಲಸವನ್ನು ಎಳೆಯದೆಯೂ ಮಾಡಲು ಬರಬೇಕೆಂದು 2023ರ ಅಕ್ಟೋಬರ್‌ನಲ್ಲಿ ಬಂದ ಡಬ್ಲ್ಯುಸಿಎಜಿ 2.2 ಎಂಬ ಜಾಲತಾಣ ಸುಗಮ್ಯತೆಯ ಮಾರ್ಗಸೂಚಿ ಹೇಳುತ್ತದೆ. ಹಾಗಾಗಿ ಪ್ರಕಟಿಸುವವರು ಬ್ರೌಸರ್‌ನಲ್ಲೇ ಇರುವ ‘ರೇಂಜ್’ ಇನ್‌ಪುಟ್‌ನ ಮೇಲೆಯೇ ತಮ್ಮ ಘಟಕವನ್ನು ಕಟ್ಟಬೇಕು. ಬಾಣದ ಕೀಲಿಗಳಿಗೆ ಓಗೊಡುವುದು, ಕನಿಷ್ಠ, ಗರಿಷ್ಠ ಮತ್ತು ಸದ್ಯದ ಮೌಲ್ಯವನ್ನು ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ತಿಳಿಸುವುದು, ಎಲ್ಲವೂ ಅದಕ್ಕೆ ಹುಟ್ಟಿನಿಂದಲೇ ಬಂದಿವೆ. ಬರೀ ಡಿವ್ ಎಂಬ ಖಾಲಿ ಎಚ್‌ಟಿಎಂಎಲ್ ಚೌಕಟ್ಟುಗಳಿಂದ ಕಟ್ಟಿದರೆ ಇಷ್ಟನ್ನೂ ಕೈಯಾರೆ ಬರೆಯಬೇಕು. ಅವಸರದಲ್ಲಿ ಮೊದಲು ಬಿಟ್ಟುಹೋಗುವುದೂ ಇದೇ.

ಬ್ರೌಸರ್‌ನಿಂದ ಬ್ರೌಸರ್‌ಗೆ ರೇಂಜ್‌ನ ರೂಪ ಬದಲಾಗುತ್ತದೆ ಎಂಬ ಆಕ್ಷೇಪ ನಿಜವೇ. ಆದರೆ ಪಟ್ಟಿಯನ್ನೂ ಗುಂಡಿಯನ್ನೂ ಸಿಎಸ್‌ಎಸ್‌ನಿಂದ ತಿದ್ದಬಹುದು. ಪ್ರತಿ ಬ್ರೌಸರ್‌ಗೆ ನಾಲ್ಕು ಸಾಲು ಹೆಚ್ಚು ಬರೆಯುವ ಶ್ರಮ ಬಳಕೆದಾರರ ಪರದಾಟದ ಮುಂದೆ ಚಿಕ್ಕದು. ಬೆಲೆಯ ವ್ಯಾಪ್ತಿ ಆರಿಸಲು ಎರಡು ಗುಂಡಿ ಬೇಕೆನ್ನುವವರ ವಾದಕ್ಕೆ ಹೆಚ್ಚು ತೂಕವಿದೆ, ಏಕೆಂದರೆ ರೇಂಜ್‌ಗೆ ಇರುವುದು ಒಂದೇ ಗುಂಡಿ. ಅಲ್ಲಿ ಎರಡು ಇನ್‌ಪುಟ್‌ಗಳನ್ನು ಜೋಡಿಸಿ, ಪಕ್ಕದಲ್ಲಿ ಅಂಕಿ ಟೈಪಿಸುವ ಚೌಕವನ್ನೂ ಇಡುವುದು ಒಳ್ಳೆಯದು. ನಿಖರ ಮೊತ್ತ ಬೇಕಾದ ಯಾರಿಗಾದರೂ ಅದು ಅನುಕೂಲ. ಏರಿಯಾ-ವ್ಯಾಲ್ಯೂಟೆಕ್ಸ್ಟ್ ಎಂಬ ಗುಣವನ್ನು ತುಂಬಲು ಘಟಕ ಅವಕಾಶ ಕೊಟ್ಟರಂತೂ, 2500000 ಎಂಬ ಬರಿಯ ಅಂಕಿಯ ಬದಲು ‘ಇಪ್ಪತ್ತೈದು ಲಕ್ಷ ರೂಪಾಯಿ’ ಎಂದು ಕನ್ನಡದಲ್ಲೇ ಓದಿಸಬಹುದು.