ಬೈರೂತಿನ ಕಣಜ

“ಬೈರೂತ್ ಬಂದರಿನ ಕಣಜ ಬಿದ್ದುದಕ್ಕೆ ನೀವೇಕೆ ಮರುಗುತ್ತೀರಿ? ಅದೇನು ಹಂಪೆಯ ಕಲ್ಲಿನ ರಥವೆ?” ಎಂದು ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಮಿತ್ರರೊಬ್ಬರು ಕೇಳಿದರು. ಒಡೆದ ಸಿಮೆಂಟಿನ ಗೋಪುರಗಳನ್ನು ಕೆಡವುವುದೇ ಲೇಸೆಂಬುದು ಅವರ ಮತ. ಅವರು ಸಜ್ಜನರು, ಆದರೆ ಈ ಮಾತನ್ನು ನಾನು ಒಪ್ಪಲಾರೆ. ಭತ್ತ ಬೆಳೆಯುವ ಸೀಮೆಗೆ ‘ಭತ್ತದ ಕಣಜ’ವೆಂದು ಬಿರುದು ಕೊಡುವ ಕನ್ನಡಿಗರಿಗೆ ಕಣಜವೆಂಬುದು ಹಗುರವಾದದ್ದು ಯಾವಾಗ?

1968ರಿಂದ 1970ರವರೆಗೆ, ಕುವೈತಿನ ಸಾಲದಿಂದ, ಚೆಕೊಸ್ಲೊವಾಕಿಯದ ಸಂಸ್ಥೆಯೊಂದು ಅದನ್ನು ಕಟ್ಟಿತು. ಎತ್ತರ 48 ಮೀಟರು; ಹಿಡಿಯುತ್ತಿದ್ದ ಧಾನ್ಯ ಲಕ್ಷ ಟನ್ನಿಗೂ ಮಿಕ್ಕಿ. ಗೋಧಿಯ ಬಹುಪಾಲನ್ನು ಹಡಗಿನಲ್ಲಿ ತರಿಸಿ ಉಣ್ಣುವ ಲೆಬನಾನಿಗೆ ಅದೇ ದೇಶದ ಕಣಜ. 1975ರಿಂದ 1990ರವರೆಗಿನ ಅಂತರ್ಯುದ್ಧವನ್ನೂ ಅದು ನಿಂತೇ ಕಳೆಯಿತು. 2020ರ ಆಗಸ್ಟ್ 4ರ ಸಂಜೆ, ಪಕ್ಕದ ಉಗ್ರಾಣದಲ್ಲಿ ವರ್ಷಗಟ್ಟಲೆ ಹೇಳಕೇಳುವವರಿಲ್ಲದೆ ಬಿದ್ದಿದ್ದ ಅಮೋನಿಯಂ ನೈಟ್ರೇಟ್ ಸಿಡಿಯಿತು; ಅಲ್ಲಿ ತಂದಿರಿಸಿದ್ದು 2,750 ಟನ್ನು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಸ್ಫೋಟಕ್ಕೆ ಎದೆಕೊಟ್ಟ ಗೋಪುರಗಳ ಸಾಲು ಪುಡಿಯಾಯಿತು. ಹಿಂದಿನ ಸಾಲುಗಳ ಮರೆಯಲ್ಲಿ ನಗರದ ಪಶ್ಚಿಮ ಭಾಗ ಇನ್ನೂ ದೊಡ್ಡ ಪೆಟ್ಟಿನಿಂದ ಪಾರಾಯಿತು.

ಹಂಪೆಯಲ್ಲಿಯೂ ನಾವು ನೋಡಲು ಹೋಗುವುದು ಮುರಿದದ್ದನ್ನೇ ಅಲ್ಲವೆ? ಉಗ್ರನರಸಿಂಹನ ಕೈಗಳಿದ್ದೆಡೆ ಬರಿಯ ಮೋಟು ಕಂಡವನಿಗೆ 1565 ನೆನಪಾಗಲು ಪುಸ್ತಕ ಬೇಡ. ಬೈರೂತಿನಲ್ಲಿ ಸತ್ತವರ ಮನೆಯವರು ಕೇಳಿದ್ದೂ ಇಷ್ಟೇ: ವಿಚಾರಣೆ ಅಡ್ಡಿಗಳಲ್ಲಿ ಸಿಕ್ಕಿ ನಿಂತಿದೆ, ನಮಗಿರುವ ಸಾಕ್ಷಿ ಇದೊಂದು, ಇದನ್ನು ಕೆಡವಬೇಡಿ. ತಾನಾಗಿಯೇ ಬಿದ್ದೀತೆಂಬ ಕಾರಣ ಕೊಟ್ಟು ಅಲ್ಲಿಯ ಮಂತ್ರಿಮಂಡಲ 2022ರ ಏಪ್ರಿಲ್‌ನಲ್ಲಿ ಕೆಡವಲು ತೀರ್ಮಾನಿಸಿತು.

ಜುಲೈನಲ್ಲಿ ಕಣಜಕ್ಕೆ ಬೆಂಕಿ ಹತ್ತಿತು. ಉಳಿದಿದ್ದ ಕಾಳು ಬಿಸಿಲಿಗೆ ಹುಳಿತು ತಾನೇ ಹೊತ್ತಿಕೊಂಡಿತೆಂದರು. ಇರಬಹುದು. ನಮ್ಮ ಬಯಲುಸೀಮೆಯಲ್ಲಿ ಹಗೇವಿಗೆ ಜೋಳ ತುಂಬುತ್ತಿದ್ದ ರೈತ, ನೆಲಕ್ಕೂ ಗೋಡೆಗೂ ಹುಲ್ಲು ಒತ್ತಿ, ಬಾಯಿಗೆ ಮಣ್ಣು ಮೆತ್ತಿ, ಹನಿ ನೀರು ಇಳಿಯದಂತೆ ಕಾಯುತ್ತಿದ್ದ. ತೇವ ತಾಕಿದ ಕಾಳು ಒಳಗೊಳಗೇ ಕಾವೇರುತ್ತದೆಂದು ಅವನಿಗೆ ಯಾವ ಇಲಾಖೆಯೂ ಹೇಳಿಕೊಟ್ಟಿರಲಿಲ್ಲ. ಇಲ್ಲಿಯಾದರೋ ಸೂರು ಹಾರಿ ಗೋಡೆ ಸೀಳಿದ ಕಣಜದಲ್ಲಿ ಸಾವಿರಾರು ಟನ್ ಕಾಳು ಎರಡು ಮಳೆಗಾಲ ಕೊಳೆಯಿತು. ನೀರು ಸುರಿದರೆ ತೇವ ಹೆಚ್ಚೀತು, ಹತ್ತಿರ ಹೋದರೆ ಕಟ್ಟಡ ಮೈಮೇಲೆ ಬಿದ್ದೀತು ಎಂದು ಅಧಿಕಾರಿಗಳು ದೂರ ನಿಂತರು. ಜುಲೈ ತಿಂಗಳ ಮಟ್ಟಿಗೆ ಅದು ನಿಜವೇ. ಅದರ ಹಿಂದಿನ 23 ತಿಂಗಳು ಏನು ಮಾಡುತ್ತಿದ್ದರು? ಕೆಡವುವ ಅಪವಾದ ತಮಗೆ ತಟ್ಟದಂತೆ ಬೆಂಕಿಯೇ ಕೆಲಸ ಮುಗಿಸಲೆಂದು ಸುಮ್ಮನಿದ್ದರೆಂದು ಮನೆಯವರು ಶಂಕಿಸಿದರೆ ನಾನು ಅವರನ್ನು ಆಕ್ಷೇಪಿಸಲಾರೆ.

ಜುಲೈ 31ರಂದು ಉತ್ತರ ಭಾಗದ ಒಂದಷ್ಟು ಬಿತ್ತು. ಆಗಸ್ಟ್ 4ರಂದು, ಸತ್ತವರನ್ನು ನೆನೆಯಲು ಜನ ನೆರೆದ ದಿನವೇ, ಇನ್ನಷ್ಟು ಬಿತ್ತು. 23ರಂದು ಉತ್ತರ ಭಾಗ ಪೂರ್ತಿ ನೆಲಕಂಡಿತು.

2025ರ ಆಗಸ್ಟ್‌ನಲ್ಲಿ ಲೆಬನಾನಿನ ಸಂಸ್ಕೃತಿ ಸಚಿವರು ಕಣಜವನ್ನು ಚಾರಿತ್ರಿಕ ಸ್ಮಾರಕಗಳ ಪಟ್ಟಿಗೆ ಸೇರಿಸಿದರು. “ಸರಿಯಾಯಿತಲ್ಲ?” ಎಂದರು ಮಿತ್ರರು. ದಕ್ಷಿಣ ಭಾಗಕ್ಕೆ ಸರಿಯಾಯಿತು ಎಂದೆ.