ತಂಬೂರಿ ಎಷ್ಟು ಉದ್ದ?
ಅನಮೋಡದ ಪಾಲಕರು ಮಗಳ ಸಂಗೀತಕ್ಕೆಂದು ಮಿರಜಕ್ಕೆ ಹೋಗಿ ದೊಡ್ಡ ತಂಬೂರಿಯನ್ನೇ ತಂದರೆ ಹಣವೂ ದಂಡ, ಕಂಠಕ್ಕೂ ಕಷ್ಟ. ಬಿಗಿತ ಒಂದೇ ಇದ್ದಾಗ ತಂತಿಯ ಉದ್ದ ಅರ್ಧವಾದರೆ ಕಂಪನಸಂಖ್ಯೆ ಇಮ್ಮಡಿ. ಉದ್ದ ತಂತಿಯನ್ನು ಎತ್ತರದ ಷಡ್ಜಕ್ಕೆ ಏರಿಸಹೋದರೆ ಅದು ಹರಿಯುತ್ತದೆ. ಗಿಡ್ಡ ತಂತಿಯನ್ನು ತೀರಾ ಇಳಿಸಿದರೆ ಝೇಂಕಾರವೇ ಉಳಿಯದು.

'ಗಂಡು', 'ಹೆಣ್ಣು' ತಂಬೂರಿಯೆಂಬ ಹೆಸರನ್ನೂ ಪೂರ್ತಿ ನಂಬುವಂತಿಲ್ಲ. ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ (1913–2009) ಅವರ ಕಂಠ ಗಂಟಲಿನ ಚಿಕಿತ್ಸೆಯ ನಂತರ ಗಂಡುದನಿಯಂತೆ ತಗ್ಗಿತ್ತು.

ಮೊದಲು ಗುರುಗಳಿಂದ ಮಗುವಿನ ಷಡ್ಜ ಗೊತ್ತುಮಾಡಿಸಿ, ಆಮೇಲೆ ಅಳತೆ. ಮೊದಲ ತಂತಿ ಪಂಚಮ, ನಡುವಿನೆರಡು ಷಡ್ಜ, ಕೊನೆಯದು ಮಂದ್ರ ಷಡ್ಜ. ಪಂಚಮವಿಲ್ಲದ ಮಾಲಕಂಸಕ್ಕೆ ಮೊದಲ ತಂತಿ ಮಧ್ಯಮಕ್ಕೆ. ಹುಡುಗನಾದರೆ ದನಿ ಒಡೆಯುವವರೆಗೆ ಕಾಯುವುದೇ ಲೇಸು.